ಸೂತ್ರಧಾರಿಯ ಬಯೋಡೇಟಾ

ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಬಯೋಡೇಟಾ ತೆಗೆದು ನೋಡಿದರೆ ಸಾಮಾನ್ಯವಾಗಿ ಮೂರು ಭಾಗ. ಮೇಲೆ ಕೌಶಲ: ಜಾವಾ, ಪೈಥಾನ್, ಎಸ್‌ಕ್ಯೂಎಲ್, ಲಿನಕ್ಸ್, ಕ್ಲೌಡ್. ನಡುವೆ ವೃತ್ತಿ: ಯಾವ ಕಂಪನಿ, ಎಷ್ಟು ವರ್ಷ, ಯಾವ ಹುದ್ದೆ. ಕಟ್ಟಕಡೆಗೆ, ಹಾಳೆಯಲ್ಲಿ ಜಾಗ ಮಿಕ್ಕಿದ್ದರೆ, ಒಂದೇ ಸಾಲಿನಲ್ಲಿ ಆಸಕ್ತಿ: ಓದು, ಸಂಗೀತ, ಪ್ರವಾಸ. ಸಂದರ್ಶನ ಮಾಡುವವರು ಮೊದಲೆರಡು ಭಾಗಗಳನ್ನು ಕೆದಕಿ ಕೆದಕಿ ಕೇಳುತ್ತಾರೆ. ಮೂರನೆಯದನ್ನು ಎದ್ದು ಹೊರಡುವ ಹೊತ್ತಿನ ಉಪಚಾರದ ಮಾತಿಗೆ ಇಟ್ಟುಕೊಳ್ಳುತ್ತಾರೆ. ಬರೆದವರೂ ಆ ಸಾಲನ್ನು ಅಷ್ಟೇ ಹಗುರವಾಗಿ ಬರೆದಿರುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ಈ ಬರಹದ ವಾದ. ಮನುಷ್ಯರ ಆಸಕ್ತಿ ಎಲ್ಲಿ ನೆಲೆಗೊಂಡಿದೆಯೋ ಅಲ್ಲಿಂದ ವೃತ್ತಿ ಬೆಳೆಯುತ್ತದೆ, ವೃತ್ತಿ ಬೆಳೆದ ಹಾಗೆ ಅದಕ್ಕೆ ಬೇಕಾದ ಕೌಶಲ ಕೈಗೆ ಬರುತ್ತದೆ. ಈ ಮಾತಿಗೆ ಸಾಕ್ಷ್ಯ ಹುಡುಕಲು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗಿಂತ ಬಾಗಲಕೋಟೆ ಜಿಲ್ಲೆ ಒಳ್ಳೆಯ ಜಾಗ. ಬಾಗಲಕೋಟೆಯಿಂದ ಬಾದಾಮಿ, ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಹುನಗುಂದ, ಕೊನೆಗೆ ಇಳಕಲ್ಲ. ಬಹುಪಾಲು ಮಲಪ್ರಭೆಯ ಬಯಲಿನಲ್ಲೇ ಸಾಗುವ ಈ ದಾರಿಯಲ್ಲಿ, ಕಟ್ಟುವ ಮತ್ತು ನೇಯುವ ಕೆಲಸದವರು ತಮ್ಮ ಬಗ್ಗೆ ತಾವೇ ಬಿಟ್ಟುಹೋದ ಸಾಕ್ಷ್ಯ ಹದಿನಾಲ್ಕು ಶತಮಾನಗಳಷ್ಟು ಉದ್ದಕ್ಕೆ ಹರಡಿಕೊಂಡಿದೆ.

ದಾರಿ ಶುರುವಾಗುವ ಬಾಗಲಕೋಟೆಯೇ ಒಂದು ದೊಡ್ಡ ಸ್ಥಳಾಂತರದ ಕಥೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಸಿಕ್ಕಿತು. ಸೆಕ್ಟರ್‌ಗಳಾಗಿ ವಿಂಗಡಿಸಿದ ನವನಗರ ಎದ್ದಿತು. 1997ರಲ್ಲಿ ಹಳೆಯ ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಇದು ಜಿಲ್ಲಾ ಕೇಂದ್ರವೂ ಆಯಿತು. ಇಲ್ಲಿ 1906ರಿಂದ ಇರುವ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಕಂಪ್ಯೂಟರ್ ಎಂಬ ಪದವೇ ಅಪರೂಪವಾಗಿದ್ದ ಕಾಲದಲ್ಲಿ, ರಾಜಧಾನಿಯಿಂದ ಇಷ್ಟು ದೂರದ ಬಿಸಿಲನಾಡಿನಲ್ಲಿ ಎಂಜಿನಿಯರಿಂಗ್ ಪಾಠ ನಡೆಯತೊಡಗಿದ್ದು ಸಣ್ಣ ಮಾತಲ್ಲ. ಆದರೆ ಈ ಭಾಗದಲ್ಲಿ ಓದಿ ಸಾಫ್ಟ್‌ವೇರ್ ಹಿಡಿದವರಿಗೆ ವೃತ್ತಿ ಎಂದರೆ ಮೊದಲು ರಾತ್ರಿ ಬಸ್ಸು: ಬೆಂಗಳೂರು, ಪುಣೆ, ಹೈದರಾಬಾದು. ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಕೂಡ ಈ ಕಡೆ ಗುರುತಿಸಿಕೊಂಡದ್ದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಗುಂಪನ್ನು. ಹೀಗೆ ಊರು ಬಿಡುವವರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಡುತ್ತದೆ: ಕಲಿತದ್ದು ಅಲ್ಲಿಗೆ, ಬಿಟ್ಟುಬಂದದ್ದು ಇಲ್ಲಿಗೆ, ಕೌಶಲ ಬೆಂಗಳೂರಿನದು, ಬಾದಾಮಿ–ಐಹೊಳೆಗಳು ರಜೆಯಲ್ಲಿ ಬಂದ ಗೆಳೆಯರಿಗೆ ತೋರಿಸುವ ಜಾಗ. ಈ ಲೆಕ್ಕ ತಪ್ಪು ಎಂದು ತೋರಿಸುವ ಕಲ್ಲು ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅದು ಗುಹೆ ಕೊರೆಸಿದ ಅರಸು ಮನೆತನದ ಮಾತು. ಕೊರೆದವರ ಮಾತು ಕೇಳಬೇಕೆಂದರೆ ಪಟ್ಟದಕಲ್ಲಿಗೆ ಬರಬೇಕು. ಮಲಪ್ರಭೆ ಉತ್ತರಕ್ಕೆ ತಿರುಗುವ ಈ ಜಾಗದಲ್ಲಿ ಎಂಟನೇ ಶತಮಾನದ ನಡುವಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡನ ಕಂಚಿಯ ಗೆಲುವಿನ ನೆನಪಿಗೆ ಲೋಕೇಶ್ವರ ದೇಗುಲ ಕಟ್ಟಿಸಿದಳು. ಈಗ ನಾವು ವಿರೂಪಾಕ್ಷ ಎನ್ನುವುದು ಅದನ್ನೇ. ಅದರ ಶಾಸನಗಳಲ್ಲಿ ಕಟ್ಟಿದವರ ಹೆಸರೂ ಇದೆ. ಒಬ್ಬ ಗುಂಡ, ಅನಿವಾರಿತಾಚಾರಿ; ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ತೆಂಕಣ ದಿಕ್ಕಿನ ಸೂತ್ರಧಾರಿ, ಅಂದರೆ ವಾಸ್ತುಶಿಲ್ಪಿ. ಈ ಎರಡನೆಯವನ ಬಗ್ಗೆ ಕಲ್ಲು ಏನು ಹೇಳುತ್ತದೆ ಎಂಬುದನ್ನು ಸಾವಕಾಶವಾಗಿ ಓದಬೇಕು. ಅವನು ಎಲ್ಲ ಗುಣಗಳಿಗೆ ಆಸರೆ. ಅನೇಕ ಊರುಗಳನ್ನೂ ಕಟ್ಟಡಗಳನ್ನೂ ರೂಪಿಸಿದ ಪಿತಾಮಹ. ಮನೆ, ಪ್ರಾಸಾದ, ಬಂಡಿ, ಆಸನ, ಮಂಚ ಇವೆಲ್ಲ ಅವನ ತಲೆಯ ಮೇಲಿನ ಕಿರೀಟ. ಇದರ ಜೊತೆಗೆ ಅವನ ಮಾತಿನ ಸೂಕ್ಷ್ಮವನ್ನೂ ಶಾಸನ ಎತ್ತಿ ಹೇಳುತ್ತದೆ. ಊರಿನ ನಕ್ಷೆಯಿಂದ ಮಂಚದ ಕಾಲಿನವರೆಗೆ ಒಂದೇ ಮನಸ್ಸು ಓಡಾಡಿದೆ. ಅದು ತಾನು ಮಾಡಿದ್ದನ್ನು ಇನ್ನೊಬ್ಬರಿಗೆ ತಿಳಿಸಿ ಹೇಳುವುದನ್ನೂ ಬಲ್ಲದು. ಕೌಶಲ, ವೃತ್ತಿ, ಆಸಕ್ತಿ ಮೂರನ್ನೂ ಬೇರೆ ಬೇರೆ ಕಟ್ಟೆಯ ಮೇಲೆ ಕೂರಿಸದೆ ಬರೆದ ಬಯೋಡೇಟಾ ಇದು.

ಇದಕ್ಕೆ ಮೊದಲ ಆಕ್ಷೇಪ ಸಹಜವಾಗಿಯೇ ಬರುತ್ತದೆ: ಪ್ರಶಸ್ತಿ ಶಾಸನ ಎಂದ ಮೇಲೆ ಹೊಗಳಿಕೆ ಇದ್ದದ್ದೇ, ಅದನ್ನು ಪುರಾವೆ ಎಂದು ಹಿಡಿಯಬಹುದೇ? ಐಹೊಳೆಯ ಒಂದು ಶಾಸನವಂತೂ ನರಸೊಬ್ಬ ಎಂಬ ವಾಸ್ತುಶಿಲ್ಪಿಗೆ ಸಮಾನನಾದವನು ಜಂಬೂದ್ವೀಪದಲ್ಲೇ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎನ್ನುತ್ತದೆ. ಹೊಗಳಿಕೆ ಉಬ್ಬಿದ್ದೇ ಸರಿ. ಆದರೆ ಒಂದು ಕಾಲ ಯಾವುದನ್ನು ಹೊಗಳಿಕೆಗೆ ತಕ್ಕದ್ದು ಎಂದು ಆರಿಸಿತು ಎಂಬುದು ಉಬ್ಬಿದ ಮಾತಿನಲ್ಲೂ ನಿಜವಾಗಿಯೇ ಉಳಿಯುತ್ತದೆ. ನಮ್ಮ ಕಾಲ ಆರಿಸಿಕೊಂಡದ್ದು ಉಪಕರಣಗಳ ಹೆಸರನ್ನು. ಆ ಕಾಲ ಆರಿಸಿಕೊಂಡದ್ದು ಕೈಯಿಂದ ಮೂಡಿಬಂದ ವಸ್ತುಗಳ ಹರವನ್ನು ಮತ್ತು ಮಾತಿನ ಹದವನ್ನು. ಹೊಗಳಿಕೆಗೆ ಎದುರಾಗಿ ಇಟ್ಟು ಪರೀಕ್ಷಿಸಲು ಕಟ್ಟಡವಂತೂ ಕಣ್ಣ ಮುಂದೆಯೇ ನಿಂತಿದೆ. ಸಾವಿರದ ಇನ್ನೂರು ವರ್ಷ ದಾಟಿದ ಮೇಲೂ ವಿರೂಪಾಕ್ಷ ಗುಡಿಯಲ್ಲಿ ಪೂಜೆ ನಡೆಯುತ್ತಿದೆ.

ಪಟ್ಟದಕಲ್ಲಿನ ಬಯಲಿನಲ್ಲಿ ನಿಂತರೆ ಎರಡು ರೀತಿಯ ಶಿಖರಗಳು ಒಂದೇ ನೋಟಕ್ಕೆ ಸಿಗುತ್ತವೆ. ಗಳಗನಾಥದ ಬಾಗುತ್ತ ಮೇಲೇರುವ ಉತ್ತರದ ನಾಗರ ಶಿಖರ, ಅದರ ನೆರೆಯಲ್ಲೇ ಸಂಗಮೇಶ್ವರದ ಮೆಟ್ಟಿಲು ಮೆಟ್ಟಿಲಾದ ದಕ್ಷಿಣದ ದ್ರಾವಿಡ ಶಿಖರ. ಸ್ವಲ್ಪ ಆಚೆ ಪಾಪನಾಥದಲ್ಲಿ ಎರಡೂ ಒಂದೇ ಕಟ್ಟಡದೊಳಗೆ ಸೇರಿಕೊಂಡಿವೆ: ಶಿಖರ ಉತ್ತರದ್ದು, ಗೋಡೆಯ ಮೇಲಿನ ಹಲವು ಅಂಗಗಳು ದಕ್ಷಿಣದವು. ಯುನೆಸ್ಕೊ 1987ರಲ್ಲಿ ಈ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಈ ಕೂಡಾವಳಿಯೇ ಮುಖ್ಯ ಕಾರಣ. ವಿರೂಪಾಕ್ಷದ ವಿನ್ಯಾಸಕ್ಕೆ ಕಂಚಿಯ ಕೈಲಾಸನಾಥ ದೇಗುಲದ ನಂಟಿದೆ. ವಿಕ್ರಮಾದಿತ್ಯ ಗೆದ್ದ ಊರಿನ ಆ ಗುಡಿಯ ಸಂಪತ್ತನ್ನು ಅದಕ್ಕೇ ಮರಳಿ ಕೊಟ್ಟ ಸಂಗತಿ ಅಲ್ಲಿನ ಕಂಬದ ಮೇಲೆ ಕನ್ನಡದಲ್ಲೇ ಇದೆ. ವಿರೂಪಾಕ್ಷದ ವಿನ್ಯಾಸ ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರದ ಕೈಲಾಸಕ್ಕೆ ಮಾದರಿಯಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಕಂಚಿಯಿಂದ ಮಲಪ್ರಭೆಗೆ, ಮಲಪ್ರಭೆಯಿಂದ ಎಲ್ಲೋರಕ್ಕೆ ಒಂದು ರಚನೆ ನಡೆದುಹೋಗಿದೆ. ಹೋದಲ್ಲೆಲ್ಲ ಸ್ಥಳದ ಕಲ್ಲಿಗೆ, ಸ್ಥಳದ ಕೈಗೆ ಒಗ್ಗಿಕೊಂಡಿದೆ. ಇನ್ನೊಬ್ಬರು ಬರೆದ ಕೋಡನ್ನು ಓದಿ, ಅರ್ಥ ಮಾಡಿಕೊಂಡು, ತನ್ನ ಅಗತ್ಯಕ್ಕೆ ತಿದ್ದಿ, ಮುಂದಿನವರಿಗೆ ತೆರೆದಿಡುವುದೇ ಇಂದಿಗೂ ಸಾಫ್ಟ್‌ವೇರ್ ಎಂಜಿನಿಯರ್‌ನ ದಿನದ ಕೆಲಸದಲ್ಲಿ ದೊಡ್ಡ ಪಾಲು. ಹೊಸದಾಗಿ ಬರೆಯುವುದಕ್ಕಿಂತ ಬರೆದದ್ದನ್ನು ಓದುವುದು ಹೆಚ್ಚು. ಓದುವ ಈ ಗುಣ ಯಾವ ಸರ್ಟಿಫಿಕೇಟ್ ಕೋರ್ಸಿನಲ್ಲೂ ಸಿಗುವುದಿಲ್ಲ; ಇನ್ನೊಬ್ಬರು ಹೇಗೆ ಕಟ್ಟಿದರು ಎಂಬ ಕುತೂಹಲ ಇದ್ದವರಿಗೆ ಮಾತ್ರ ಅದು ಒಲಿಯುತ್ತದೆ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಅವುಗಳಲ್ಲಿ ಲಾಡಖಾನ್ ಗುಡಿಯ ಮಾಡನ್ನು ಹತ್ತಿರ ಹೋಗಿ ನೋಡಬೇಕು. ಇಳಿಜಾರಾಗಿ ಹೊದಿಸಿದ ದೊಡ್ಡ ಕಲ್ಲುಚಪ್ಪಡಿಗಳು. ಎರಡು ಚಪ್ಪಡಿ ಕೂಡುವಲ್ಲಿ ಒಂದೊಂದು ಉದ್ದನೆಯ ಕಲ್ಲುಪಟ್ಟಿ, ಸೀಳಿದ ಮರದ ದಿಮ್ಮಿಯನ್ನು ಬೋರಲು ಹಾಕಿದ ಹಾಗೆ. ಮರದ ಮನೆ ಕಟ್ಟಿ ಪಳಗಿದ ಕೈ ಕಲ್ಲಿಗೆ ಬಂದಾಗ ಮರದ ನೆನಪನ್ನು ಜೊತೆಗೇ ತಂದಿದೆ. ಆದರೆ ಆ ಪಟ್ಟಿ ಬರಿಯ ನೆನಪಲ್ಲ, ಸಂದಿಯಲ್ಲಿ ಮಳೆನೀರು ಇಳಿಯದಂತೆ ತಡೆಯುವ ಕೆಲಸವನ್ನೂ ಮಾಡುತ್ತದೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಅಲ್ಲಿದೆ. ಕೆಲವು ಹೆಜ್ಜೆ ಆಚೆಗಿನ ದುರ್ಗ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ. ಆ ದುಂಡನೆಯ ತಳದ ಮೇಲೆ ಉತ್ತರದ ಚೌಕ ಶಿಖರ. ಈ ಜೋಡಣೆಯನ್ನು ಮುಂದಿನವರು ಹೆಚ್ಚು ಅನುಸರಿಸಲಿಲ್ಲ. ಐಹೊಳೆಯನ್ನು ದೇವಾಲಯಗಳ ಪ್ರಯೋಗಶಾಲೆ ಎನ್ನುವ ರೂಢಿಯ ಬಗ್ಗೆ ಒಂದು ತಕರಾರಿದೆ, ಅದು ನ್ಯಾಯವಾದದ್ದೇ: ಐದನೇ ಶತಮಾನದ್ದೆಂದು ಹಿಂದೆ ಹೇಳುತ್ತಿದ್ದ ಲಾಡಖಾನ್ ಗುಡಿಯನ್ನು ಈಗಿನ ವಿದ್ವಾಂಸರು ಏಳು ಅಥವಾ ಎಂಟನೇ ಶತಮಾನಕ್ಕೆ ತರುತ್ತಾರೆ, ಆದ್ದರಿಂದ ಒಂದರಿಂದ ಇನ್ನೊಂದು ಮೆಟ್ಟಿಲೇರಿದಂತೆ ಬೆಳೆಯಿತು ಎಂಬ ಚಿತ್ರ ಕುಸಿಯುತ್ತದೆ. ಆದರೆ ಆ ಹೊಸ ಕಾಲನಿರ್ಣಯದಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ಬೇರೆ ಬೇರೆ ಬಗೆಗಳು ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ, ಬಹುಶಃ ಒಬ್ಬರನ್ನೊಬ್ಬರು ಬಲ್ಲ ಕೈಗಳಲ್ಲಿ ನಡೆದವು. ಸರಿಹೋಗದ ಪ್ರಯತ್ನವನ್ನೂ ಕೆಡವದೆ ಬಿಟ್ಟರು. ತಪ್ಪಲು ಅವಕಾಶವಿರುವ ಕಡೆ ಮಾತ್ರ ಕೌಶಲ ಬೆಳೆಯುತ್ತದೆ, ತಪ್ಪಲು ಧೈರ್ಯ ಕೊಡುವುದು ಆಸಕ್ತಿ.

ಊರ ಗುಡ್ಡದ ಮೇಲಿನ ಮೇಗುತಿ ಬಸದಿ ಇನ್ನೊಂದು ಪಾಠ ಹೇಳುತ್ತದೆ. ಅದನ್ನು ಕಟ್ಟಿಸಿದ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಆಸರೆಯಲ್ಲಿದ್ದವನು, ಗೋಡೆಯ ಮೇಲಿನ ಸಂಸ್ಕೃತ ಶಾಸನವನ್ನು ರಚಿಸಿದ ಕವಿಯೂ ಅವನೇ. ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಳ್ಳುತ್ತಾನೆ. ಆ ಹೋಲಿಕೆಯಿಂದಾಗಿಯೇ ಆ ಇಬ್ಬರು ಕವಿಗಳು 634ಕ್ಕಿಂತ ಮೊದಲಿನವರು ಎಂದು ಚರಿತ್ರೆಕಾರರಿಗೆ ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಶಾಸನದ ಕಾಲವನ್ನು ಅವನು ಎರಡು ಬಗೆಯಲ್ಲಿ ಲೆಕ್ಕ ಹಾಕಿ ಕೊಟ್ಟಿದ್ದಾನೆ: ಭಾರತ ಯುದ್ಧದಿಂದ ಎಣಿಸಿದ ವರ್ಷ, ಮತ್ತು ಶಕ ವರ್ಷ 556. ಒಂದು ಎಣಿಕೆ ಮುಂದೆ ಯಾರಿಗಾದರೂ ಅರ್ಥವಾಗದೆ ಹೋದರೆ ಇನ್ನೊಂದು ಕೈಹಿಡಿಯುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ಎಲ್ಲರೂ ಮುಂದೂಡುವ ಕೆಲಸವೆಂದರೆ ಮಾಡಿದ್ದನ್ನು ದಾಖಲಿಸುವುದು. ಬರೆದವರು ಕಂಪನಿ ಬಿಟ್ಟ ಮೇಲೆ ಆ ಕೋಡು ಏಕೆ ಹಾಗಿದೆ ಎಂದು ಹೇಳುವವರಿಲ್ಲದೆ ತಂಡಗಳು ವಾರಗಟ್ಟಲೆ ತಡಕಾಡುತ್ತವೆ. ದಾಖಲೆ ಬರೆಯಲು ಭಾಷೆಯ ಮೇಲೆ ಪ್ರೀತಿ ಬೇಕು, ಮುಂದೆ ಬರುವ ಗುರುತಿಲ್ಲದ ಓದುಗರ ಮೇಲೆ ಕಾಳಜಿ ಬೇಕು. ಬಯೋಡೇಟಾದ ಕೊನೆಯಲ್ಲಿ ‘ಓದು, ಬರವಣಿಗೆ’ ಎಂದು ಬರೆದುಕೊಂಡವರು ಆ ಸಾಲನ್ನು ನಿಜ ಮಾಡಿದರೆ ಅದೇ ಅವರ ಮೊದಲ ಸಾಲಿನ ಕೌಶಲವಾಗುತ್ತದೆ.

ಇಲ್ಲಿ ಎರಡನೆಯ ಆಕ್ಷೇಪ ಏಳುತ್ತದೆ, ಇದು ಹೆಚ್ಚು ನೋವಿನದು: ಆಸಕ್ತಿ ಬೆಳೆಸಿಕೊಳ್ಳಲು ಹೊತ್ತೆಲ್ಲಿದೆ? ಬೆಳಿಗ್ಗೆ ಟ್ರಾಫಿಕ್ಕು, ರಾತ್ರಿ ಬೇರೆ ದೇಶದ ಗಡಿಯಾರಕ್ಕೆ ಕೂತು ಮಾತಾಡುವ ಮೀಟಿಂಗು. ಅದರ ನಡುವೆ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಉಪದೇಶ. ಇಂಥ ಉಪದೇಶಕ್ಕೆ ಬೆಂಬಲವಾಗಿ ಕಾಯಕದ ಹೆಸರನ್ನೂ ಕೆಲವರು ಎತ್ತುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದ ಜಾಗ ಹುನಗುಂದ ತಾಲ್ಲೂಕಿನಲ್ಲೇ ಇದೆ. ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಕೂಡಲಸಂಗಮ ಬಸವಣ್ಣನವರು ಬೆಳೆದ, ಐಕ್ಯರಾದ ನೆಲೆ. ಅವರ ಜೊತೆಗಿದ್ದ ಶರಣರಲ್ಲಿ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳಿದ್ದರು. ಅವರ ಮೂಲ ಊರು ನೆರೆಯ ಲಿಂಗಸುಗೂರು ಕಡೆಯ ಅಮರೇಶ್ವರ ಎನ್ನುತ್ತಾರೆ. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮೆಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳು. ಕಾಯಕದ ತತ್ತ್ವದಲ್ಲಿ ದುಡಿಮೆಗೆ ಎಷ್ಟು ಗೌರವವಿದೆಯೋ ಅದರ ಮಿತಿಗೂ ಅಷ್ಟೇ ಗೌರವವಿದೆ. ಸಂಜೆ ಅನುಭವ ಮಂಟಪದಲ್ಲಿ ಕೂತು ಮಾತಾಡುವ ಬಿಡುವು ಇದ್ದದ್ದರಿಂದಲೇ ಅಂಬಿಗರೂ ಮಡಿವಾಳರೂ ನೇಕಾರರೂ ವಚನಕಾರರಾದರು. ಆ ಬಿಡುವನ್ನು ಕಿತ್ತುಕೊಂಡು ಕಾಯಕದ ಹೆಸರು ಹೇಳುವುದು ಆ ಮಾತಿಗೆ ಮಾಡುವ ಅನ್ಯಾಯ. ಎಂಜಿನಿಯರ್‌ಗೆ ಬಿಡುವು ಕೇಳುವ ಹಕ್ಕಿದೆ, ಏಕೆಂದರೆ ಅವರ ಕೆಲಸದ ಗುಣ ಆ ಬಿಡುವಿನಿಂದಲೇ ಬರುತ್ತದೆ.

ಇದು ಬರಿಯ ಆದರ್ಶದ ಮಾತಲ್ಲ ಎನ್ನಲು ಈ ನೆಲದ ವಚನಗಳ ಚರಿತ್ರೆಯೇ ಪುರಾವೆ. ಫ.ಗು. ಹಳಕಟ್ಟಿಯವರ ವೃತ್ತಿ ವಕೀಲಿ. ವಿಜಾಪುರದಲ್ಲಿ ವಕೀಲರಾಗಿದ್ದುಕೊಂಡೇ ಅವರು ಇಂದಿನ ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿಯಂಥ ಊರುಗಳ ಮನೆಗಳಲ್ಲಿ ಬಟ್ಟೆ ಸುತ್ತಿಟ್ಟಿದ್ದ ತಾಡೋಲೆಗಳನ್ನು ಹುಡುಕಿ ತಂದರು, ಪಾಠಗಳನ್ನು ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, ಆಮೇಲೆ ತಮ್ಮದೇ ಅಚ್ಚುಕೂಟ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಇಂದು ಅವರನ್ನು ವಚನ ಪಿತಾಮಹ ಎಂದು ನೆನೆಯುತ್ತೇವೆ. ಸುಮಾರು ತೊಂಬತ್ತು ವರ್ಷಗಳ ನಂತರ, 2010ರ ದಶಕದಲ್ಲಿ, ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರಂಥ ಸಾಫ್ಟ್‌ವೇರ್ ಬಲ್ಲ ಕನ್ನಡಿಗರು ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ‘ವಚನ ಸಂಚಯ’ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಯಾರು ಯಾರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಯಾರು ಬೇಕಾದರೂ ಹುಡುಕಿ ನೋಡಬಹುದಾಯಿತು. ಅಮೆರಿಕದಲ್ಲಿದ್ದ ಎಂಜಿನಿಯರ್ ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದದ್ದೂ, ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಣೆಯ ಜಾಡು ಹಿಡಿದು ಕೀಲಿಮಣೆಯ ವಿನ್ಯಾಸ ರೂಪಿಸಿದ್ದೂ ಇದೇ ಬಗೆಯ ಕೆಲಸ. ಇಂದು ಕನ್ನಡದಲ್ಲಿ ಟೈಪ್ ಮಾಡುವ ಪ್ರತಿ ಗುಮಾಸ್ತ, ಪತ್ರಕರ್ತ, ವಿದ್ಯಾರ್ಥಿ ಇಂಥ ಆಸಕ್ತಿಗಳ ಫಲ ಉಣ್ಣುತ್ತಿದ್ದಾರೆ. ದುಡಿದದ್ದರಲ್ಲಿ ಒಂದು ಪಾಲನ್ನು ಸಮುದಾಯಕ್ಕೆ ಒಪ್ಪಿಸುವುದಕ್ಕೆ ಶರಣರು ದಾಸೋಹ ಎಂದರು. ಕೋಡನ್ನು ಎಲ್ಲರಿಗೂ ತೆರೆದಿಡುವುದಕ್ಕೆ ಅದಕ್ಕಿಂತ ಹತ್ತಿರದ ಪದ ನಮ್ಮಲ್ಲಿಲ್ಲ.

ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಕಲ್ಲಿನಿಂದ ನೂಲಿಗೆ ಬಂದಂತೆ. ಊರಿನ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದೆ. ಹೆಸರು ತಂದದ್ದು ಮಾತ್ರ ಸೀರೆ. ಇಳಕಲ್ಲ ಸೀರೆಗೆ 2007ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ದಡಿಯಲ್ಲಿ ಚಿಕ್ಕಿ, ಗೋಮಿ, ಪರಾಸಪೇಟ ಎಂಬ ಬಗೆಗಳು, ಕೆಂಪು–ಬಿಳಿ ಪಟ್ಟಿಯ ಟೋಪತೆನಿ ಸೆರಗು. ಆದರೆ ಈ ಸೀರೆಯನ್ನು ಬೇರೆಲ್ಲ ಸೀರೆಗಳಿಂದ ಬೇರ್ಪಡಿಸುವುದು ಮೊದಲ ನೋಟಕ್ಕೆ ಕಾಣುವ ಬಣ್ಣವಲ್ಲ, ಮೈಯೂ ಸೆರಗೂ ಕೂಡುವ ಗೆರೆ. ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ನೇಯುವ ಮೊದಲು ಈ ಹಾಸಿನ ಎಳೆಗೆ ಆ ಹಾಸಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಒಂದು ಕೊಂಡಿ ತಪ್ಪಿದರೆ ಸೆರಗಿನ ಉದ್ದಕ್ಕೂ ಅದು ಎದ್ದು ಕಾಣುತ್ತದೆ. ಹಾಸು ಅಣಿಗೊಳಿಸುವ ಇಂಥ ಕೆಲಸದಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವಾಗ ಅವರ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಸಾಫ್ಟ್‌ವೇರಿನಲ್ಲೂ ಬಹುಪಾಲು ಕಷ್ಟ ಇರುವುದು ಕೂಡುವ ಜಾಗದಲ್ಲೇ. ಬ್ಯಾಂಕಿನ ತಂತ್ರಾಂಶ ಒಂದು ಕಡೆ, ಮೊಬೈಲ್ ಆ್ಯಪ್ ಇನ್ನೊಂದು ಕಡೆ. ಎರಡೂ ತಮ್ಮಷ್ಟಕ್ಕೆ ಸರಿಯಾಗಿಯೇ ನಡೆಯುತ್ತವೆ, ಕೂಡುವಲ್ಲಿ ಎಳೆ ತಪ್ಪುತ್ತದೆ. ಅಲ್ಲಿ ಕೂತು ಎಳೆ ಎಳೆಯಾಗಿ ನೋಡುವ ತಾಳ್ಮೆ ಒಂದು ಮನೋಧರ್ಮ. ಕೊಂಡಿ ಹಾಕುವ ಕೈಗೂ ಕೋಡಿನ ದೋಷ ಹುಡುಕುವ ಕಣ್ಣಿಗೂ ಅದು ಒಂದೇ.

ಮಗ್ಗಕ್ಕೂ ಕಂಪ್ಯೂಟರಿಗೂ ಇರುವ ನಂಟು ಚರಿತ್ರೆಯದು, ಉಪಮೆಯದ್ದಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೂತು ಹಾಕಿದ ರಟ್ಟುಗಳ ಸರದಿಂದ ಮಗ್ಗಕ್ಕೆ ಆಜ್ಞೆ ಕೊಡುವ ವಿಧಾನ ತಂದ. ತೂತಿದ್ದರೆ ಎಳೆ ಏಳಬೇಕು, ಇಲ್ಲದಿದ್ದರೆ ಇಲ್ಲ. ಅದನ್ನು ನೋಡಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟುಗಳನ್ನು ಆರಿಸಿಕೊಂಡ. 1843ರಲ್ಲಿ ಆ ಯಂತ್ರದ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಕೂಡ ಜಕಾರ್ಡ್ ಮಗ್ಗವನ್ನೇ ಹೋಲಿಕೆಗೆ ತಂದಳು. 1890ರ ಅಮೆರಿಕದ ಜನಗಣತಿ ತೂತಿನ ರಟ್ಟುಗಳ ಮೇಲೆಯೇ ನಡೆಯಿತು. ಇಂದು ಕೃತಕ ಬುದ್ಧಿಮತ್ತೆ ಕೋಡ್ ಬರೆಯುತ್ತದೆ, ಇನ್ನು ಎಂಜಿನಿಯರ್‌ನ ಕೌಶಲಕ್ಕೆ ಬೆಲೆಯೇನು ಎಂದು ಕೇಳುವವರಿಗೆ ಈ ಚರಿತ್ರೆಯಲ್ಲೇ ಉತ್ತರದ ಒಂದು ತುದಿ ಇದೆ. ಜಕಾರ್ಡ್ ಬರುವ ಮೊದಲು ಮಗ್ಗದ ಪಕ್ಕದಲ್ಲಿ ನಿಂತು ಎಳೆ ಎತ್ತುವ ಹುಡುಗನೊಬ್ಬ ಇರುತ್ತಿದ್ದ. ಅವನ ಕೆಲಸ ಹೋಯಿತು. ಹೂವು ಹೇಗಿರಬೇಕು ಎಂದು ಗೀಟು ಹಾಳೆಯ ಮೇಲೆ ಬರೆದು ರಟ್ಟಿಗೆ ಇಳಿಸುವವರ ಕೆಲಸ ಹುಟ್ಟಿತು. ಕೆಲಸ ಕಳೆದುಕೊಂಡ ಹುಡುಗನಿಗೇ ಹೊಸ ಕೆಲಸ ಸಿಕ್ಕಿತು ಎಂದು ಹೇಳಲಾಗದು. ಆ ನೋವು ನಿಜ, ಅದನ್ನು ಮುಚ್ಚಿಡಬಾರದು. ಹೇಳಿದ ಎಳೆ ಎತ್ತುವುದಷ್ಟೇ ಗೊತ್ತಿದ್ದವರಿಗೆ ಯಂತ್ರ ಬಂದಾಗ ಅಪಾಯ, ಯಾವ ಎಳೆ ಏಕೆ ಏಳಬೇಕು ಎಂದು ಬಲ್ಲವರಿಗೆ ಯಂತ್ರ ಕೈಯಾಳು. ‘ಏಕೆ’ ಎಂದು ಕೇಳುವ ಅಭ್ಯಾಸವೇ ಆಸಕ್ತಿ.

ಮೂರನೆಯ ಆಕ್ಷೇಪವನ್ನು ಮರೆಸಿ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಶಿಲ್ಪಿಯೂ ನೇಕಾರರೂ ತಮ್ಮ ಕಸುಬನ್ನು ಆರಿಸಿಕೊಂಡವರಲ್ಲ, ಹುಟ್ಟಿನಿಂದ ಪಡೆದವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತವರ ಕೂಲಿ ಪಟ್ಟಣದ ಸಾಫ್ಟ್‌ವೇರ್ ಸಂಬಳದ ಹತ್ತಿರವೂ ಸುಳಿಯುವುದಿಲ್ಲ. ಮಗ್ಗದ ಮನೆಯ ಮಕ್ಕಳು ಎಂಜಿನಿಯರಿಂಗ್ ಓದಿ ಹೊರಟರೆ ಅದು ಬಿಡುಗಡೆ. ಅವರನ್ನು ಹಳೆಯದಕ್ಕೆ ಮರಳಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಈ ಬರಹ ಅದನ್ನು ಕೇಳುತ್ತಿಲ್ಲ. ಕಸುಬು ಹುಟ್ಟಿನಿಂದ ಬಂದ ಕಾಲದಲ್ಲೇ ಸರ್ವಸಿದ್ಧಿ ಆಚಾರಿ ಊರಿನಿಂದ ಮಂಚದವರೆಗೆ ಮನಸ್ಸು ಚಾಚಿದ. ಆರಿಸಿಕೊಳ್ಳುವ ಸ್ವಾತಂತ್ರ್ಯ ಪಡೆದ ನಾವು ಹತ್ತು ಉಪಕರಣಗಳ ಹೆಸರಿನೊಳಗೆ ನಮ್ಮನ್ನು ಕುಗ್ಗಿಸಿಕೊಂಡರೆ ಆ ಸ್ವಾತಂತ್ರ್ಯ ಯಾವ ಉಪಯೋಗಕ್ಕೆ ಬಂತು?

ಮೊದಲ ತಲೆಮಾರಿನ ಪದವೀಧರರು ಇಲ್ಲಿ ತಡೆದು ಕೇಳಬಹುದು: ಮನೆಯಲ್ಲಿ ಸಾಲವಿದೆ, ಮೊದಲು ಕೆಲಸ ಸಿಗಬೇಕು; ಕ್ಯಾಂಪಸ್ ಸಂದರ್ಶನದಲ್ಲಿ ಜಾವಾ ಕೇಳುತ್ತಾರೆ, ಲಾಡಖಾನ್ ಗುಡಿಯ ಮಾಡನ್ನು ಕೇಳುವುದಿಲ್ಲ. ಮಾತು ಸರಿ. ಉಪಕರಣ ಕಲಿಯಲೇಬೇಕು, ಉಳಿ ಹಿಡಿಯದೆ ಯಾರೂ ಸೂತ್ರಧಾರಿಯಾಗಲಿಲ್ಲ. ಅದರ ಜೊತೆಗೇ ಉಪಕರಣದ ಆಯುಷ್ಯ ಎಷ್ಟೆಂಬುದನ್ನೂ ತಿಳಿದಿರಬೇಕು. ಇದಕ್ಕೆ ಕನ್ನಡದ ಗಣಕ ಚರಿತ್ರೆಯೇ ಸಾಕ್ಷಿ. ಯೂನಿಕೋಡ್ ನೆಲೆಯೂರುವ ಮೊದಲು ಒಂದೊಂದು ತಂತ್ರಾಂಶವೂ ಕನ್ನಡ ಅಕ್ಷರಗಳನ್ನು ತನ್ನದೇ ಫಾಂಟಿನ ಸಂಕೇತಗಳಲ್ಲಿ ಕೂಡಿಡುತ್ತಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದ ಗೀಚಾಗುತ್ತಿತ್ತು. ಯೂನಿಕೋಡ್ ಬಂದ ಮೇಲೆ ಹಳೆಯ ಕಡತಗಳನ್ನೆಲ್ಲ ಪರಿವರ್ತಕಗಳ ಮೂಲಕ ಸಾಗಿಸಬೇಕಾಯಿತು. ಆ ಫಾಂಟಿನ ಕೀಲಿಗಳನ್ನಷ್ಟೇ ಬಾಯಿಪಾಠ ಮಾಡಿದವರ ವಿದ್ಯೆ ಅಲ್ಲಿಗೆ ನಿಂತಿತು. ಕನ್ನಡದ ಅಕ್ಷರ ಎಂದರೇನು, ಒತ್ತಕ್ಷರ ಹೇಗೆ ರೂಪುಗೊಳ್ಳುತ್ತದೆ, ಬರೆಯುವ ಆಕಾರಕ್ಕೂ ಉಚ್ಚರಿಸುವ ಧ್ವನಿಗೂ ಇರುವ ನಂಟೇನು ಎಂದು ಭಾಷೆಯ ಮೇಲಿನ ಆಸೆಯಿಂದ ತಿಳಿದುಕೊಂಡವರ ವಿದ್ಯೆ ಯೂನಿಕೋಡಿಗೂ ಬಂತು, ಮೊಬೈಲಿಗೂ ಬಂತು, ಈಗ ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸಕ್ಕೂ ಬೇಕಾಗಿದೆ. ಮೊದಲ ಕೆಲಸ ಉಪಕರಣದ ಬಲದಿಂದ ಸಿಗುತ್ತದೆ, ಮುಂದಿನ ಮೂವತ್ತು ವರ್ಷ ನಡೆಯುವುದು ಆಸಕ್ತಿಯ ಬಲದಿಂದ.

ಆದ್ದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ಹೊರಟು ಊರೂರುಗಳಲ್ಲಿ ಕೋಡ್ ಬರೆಯುತ್ತಿರುವ ತಮ್ಮ ತಂಗಿಯರಲ್ಲಿ ಒಂದು ವಿನಂತಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಒಂದು ದಿನ ಈ ದಾರಿಗೆ ಕೊಡಿ. ಲಾಡಖಾನ್ ಗುಡಿಯ ಮಾಡಿನ ಸಂದಿಗಳನ್ನು ನೋಡಿ. ಮನೆಯಲ್ಲಿರುವ ಇಳಕಲ್ಲ ಸೀರೆಯ ಮೈಯೂ ಸೆರಗೂ ಕೂಡುವ ಗೆರೆಯ ಮೇಲೆ ಬೆರಳಾಡಿಸಿ, ಅದನ್ನು ಹೇಗೆ ಕೂಡಿಸಿದರು ಎಂದು ಬಲ್ಲವರನ್ನು ಕೇಳಿ. ಪಟ್ಟದಕಲ್ಲಿಗೆ ಹೋಗಿ ವಿರೂಪಾಕ್ಷ ಗುಡಿಯ ಶಾಸನಗಳ ಮುಂದೆ ನಿಂತು, ನಿಮ್ಮ ಬಯೋಡೇಟಾವನ್ನು ಮನಸ್ಸಿನಲ್ಲೇ ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ. ಕೊನೆಯ ಸಾಲು ಬರೀ ಉಪಚಾರಕ್ಕೆ ಬರೆದದ್ದಾಗಿದ್ದರೆ ಮೊದಲು ಅದನ್ನು ತಿದ್ದಿ. ಸರ್ವಸಿದ್ಧಿ ಆಚಾರಿಯ ಶಾಸನದಲ್ಲಿ ಊರುಗಳಿವೆ, ಮನೆಗಳಿವೆ, ಬಂಡಿ, ಆಸನ, ಮಂಚಗಳಿವೆ, ಮಾತಿನ ಸೂಕ್ಷ್ಮವಿದೆ. ಉಳಿ, ಸುತ್ತಿಗೆಗಳ ಹೆಸರು ಅಲ್ಲಿ ಎಲ್ಲಿಯೂ ಇಲ್ಲ.